ಟ್ರಯಲ್ ಗಾಡಿಯ ಲೋಡು

ಚಳ್ಳಕೆರೆ
12 ನವೆಂಬರ್ 2024

ಫರ್ಜಾನಾ ಆಪಾಗೆ ಆಯೇಷಾಳ ಸಲಾಂ.

ಡಬ್ಬಿಯ ತಳದ ಬಟ್ಟಲಲ್ಲಿ ದಾದಿಯ ನಿಂಬೆ ಉಪ್ಪಿನಕಾಯಿ ಇದೆ. ಅದರಡಿಯ ಪ್ಲಾಸ್ಟಿಕ್ ಕವರಿನಲ್ಲಿ ಈ ಕಾಗದ. ಬಸ್ಸಿನಲ್ಲಿ ಡಬ್ಬಿ ತರುವ ಕಂಡಕ್ಟರ್ ಓಬಳೇಶಣ್ಣನಿಗೆ ಉಪ್ಪಿನಕಾಯಿ ಅಂತ ಮಾತ್ರ ಹೇಳಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಿನ್ನ ಫೋನು ಬಂದರೆ ಮೊಮ್ಮಗಳ ದನಿ ಕೇಳಬೇಕು ಅಂತ ದಾದಿ ಸ್ಪೀಕರ್ ಹಾಕಿಸುತ್ತಾಳೆ, ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ. ವಾಯ್ಸ್ ಮೆಸೇಜು ಕಳಿಸಿದರೆ ಚಾಚಾನ ಮಗ ಮುಬಷೀರ್ ನನಗಿಂತ ಮೊದಲೇ ಕೇಳಿಸಿಕೊಂಡಿರುತ್ತಾನೆ. ಈ ಮನೆಯಲ್ಲಿ ಗುಟ್ಟು ಉಳಿಯುವುದು ಕನ್ನಡದಲ್ಲಿ ಬರೆದರೆ ಮಾತ್ರ. ಗಂಡಸರೆಲ್ಲ ಉರ್ದು ಶಾಲೆಯಲ್ಲಿ ಕೂತು ಎದ್ದವರು. ನಮ್ಮಿಬ್ಬರನ್ನು ಕನ್ನಡ ಶಾಲೆಗೆ ಹಾಕಿಸಿದ್ದು ಜೈಬುನ್ನಿಸಾ ಫುಪ್ಪು. ಗಂಡ ತೀರಿಕೊಂಡು ಒಬ್ಬಳೇ ತವರಿಗೆ ಬರುವಾಗ ಬೋರ್ಡು ಓದಲಾರದೆ ಬಳ್ಳಾರಿ ಬಸ್ಸು ಹತ್ತಿಬಿಟ್ಟಿದ್ದಳಂತೆ. ಆ ಸಿಟ್ಟಿಗೆ ಹಟ ಹಿಡಿದಳು, ಅಬ್ಬಾ ತಂಗಿಯ ಮಾತಿಗೆ ಇಲ್ಲ ಅನ್ನಲಿಲ್ಲ. ಅವರು ಉರ್ದುವಿನಲ್ಲಿ ಆಡಿದ್ದನ್ನು ನಾನು ನಮ್ಮೂರ ಕನ್ನಡದಲ್ಲಿ ಬರೆಯುತ್ತೇನೆ, ನೀನು ಅವರವರ ದನಿ ಹಾಕಿಕೊಂಡು ಓದಿಕೋ.

ವಿಷಯಕ್ಕೆ ಬರುತ್ತೇನೆ. ಅಬ್ಬಾನ ಗ್ಯಾರೇಜಿನ ಟ್ರಯಲ್ ಗೊತ್ತಲ್ಲ. ದೊಡ್ಡ ಗಾಡಿ ರಿಪೇರಿಯಾದರೆ ಅಬ್ಬಾ, "ಖಾಲಿ ಓಡಿಸಿದ್ರೆ ಏನ್ ಗೊತ್ತಾಗ್ತೈತೆ, ಲೋಡ್ ಹಾಕಿ ನೋಡ್ಬೇಕು" ಅನ್ನುತ್ತಾರೆ. ಆ ಲೋಡು ನಾವು. ಓನರನ್ನು ಕೇಳಿಯೇ ಕೇಳುತ್ತಾರೆ, ಅವನೂ ನಕ್ಕು ಹೂಂ ಅನ್ನುತ್ತಾನೆ. ದಾದಿ ಇಂಜಿನ್ನಿನ ಮೇಲೆ ಖುರಾನಿನ ಆಯತುಲ್ ಕುರ್ಸಿ ಓದಿ ಊದುತ್ತಾಳೆ, ಭಾಭಿಯರು ಕುಷ್ಕಾ ಅನ್ನದ ದೊಡ್ಡ ದೇಗು ಗಾಡಿಗೆ ಹತ್ತಿಸುತ್ತಾರೆ, ಚಾಚಾನ ಮಕ್ಕಳು ಕಿಟಕಿಗಾಗಿ ಕಿತ್ತಾಡುತ್ತಾರೆ, ಮುಷರಫ್ ಭಾಯಿ ಸ್ಟೇರಿಂಗ್ ಹಿಡಿಯುತ್ತಾನೆ. ಯಾವಾಗಲೂ ಕುದಾಪುರದ ರಸ್ತೆಯೇ. ಆ ಸೈನ್ಸ್ ಕ್ಯಾಂಪಸ್ಸುಗಳ ಮುಗಿಯದ ಕಾಂಪೌಂಡು ನೋಡಿಕೊಂಡು, ಬಯಲಲ್ಲಿ ಚಾಪೆ ಹಾಸಿ ಮಧ್ಯಾಹ್ನದ ಜೋಹರ್ ನಮಾಜು ಮಾಡಿ, ಉಂಡು ವಾಪಸು. ದಾದಿ ಪ್ರತಿ ಸಲವೂ "ಇಷ್ಟುದ್ದ ಗೋಡೆ ಯಾರಿಗೋಸ್ಕರ ಕಟ್ಯಾರೆ" ಅಂತ ಕೇಳುತ್ತಾಳೆ.

ಮೊನ್ನೆ ಭಾನುವಾರ ಸ್ಕೂಲಿನ ಮಿನಿ ಬಸ್ಸು ಕುದಾಪುರಕ್ಕೆ ತಿರುಗಲಿಲ್ಲ. ತಳಕು ದಾಟಿ ನಿಮ್ಮೂರ ಕಡೆಯ ಗುಡ್ಡದ ದರ್ಗಾಕ್ಕೆ ಹೋಯಿತು. ಅಷ್ಟು ಹತ್ತಿರ ಬಂದರೂ ನಿನ್ನ ಮನೆಗೆ ಬರಲಿಲ್ಲ, ಹೊತ್ತಾಯಿತು ಅಂದರು. ಅನುಮಾನ ಹುಟ್ಟಿದ್ದು ಅಲ್ಲಿಂದ. ದರ್ಗಾದ ಮೆಟ್ಟಿಲ ಬಳಿ ಒಬ್ಬ ನಡುವಯಸ್ಸಿನ ಗಂಡಸು, ಅವನಿಗಿಂತ ದೊಡ್ಡ ಹೆಂಗಸು, ಕನ್ನಡಕ ಹಾಕಿದ ಒಬ್ಬ ಹುಡುಗ, ಮೂವರೂ ಅಕಸ್ಮಾತ್ತಾಗಿ ಸಿಕ್ಕರು. ಗಂಡಸಿನ ಬೆರಳ ತುದಿಯೆಲ್ಲ ನೇರಳೆ ಬಣ್ಣ. ಅಬ್ಬಾ ಆಗಷ್ಟೇ ಪರಿಚಯವಾದವರಂತೆ ಮಾತಾಡಿಸಿದರು. ಆದರೆ ಚಹಾ ಹೇಳುವಾಗ ಆತನನ್ನು ಕೇಳದೆಯೇ, "ಒಂದು ಸಕ್ಕರೆ ಇಲ್ದಂಗೆ" ಅಂದರು. ಗುರುತಿಲ್ಲದವನ ಚಹಾದಲ್ಲಿ ಸಕ್ಕರೆ ಬೇಡ ಅಂತ ಅಬ್ಬಾಗೆ ಹೇಗೆ ಗೊತ್ತು?

ಆ ಹೆಂಗಸು ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಓದು ಯಾವಾಗ ಮುಗಿಯುತ್ತೆ ಅಂತ ಕೇಳಿದಳು. ಆಪಾ, ನಿನ್ನನ್ನು ತೋರಿಸಿದ್ದೂ ಹೀಗೇ ತಾನೇ? ಆಯಿಲ್ ಮಿಲ್ಲಿನ ಲಾರಿಯ ಟ್ರಯಲ್ ಅಂತ ಹತ್ತಿಸಿಕೊಂಡು ಹೋದರು. ಮುಂದಿನ ರಂಜಾನಿಗೆ ನೀನು ಸೊಸೆಯಾಗಿದ್ದೆ, ಡಿಗ್ರಿಯ ಹಾಲ್ ಟಿಕೆಟ್ ಟ್ರಂಕಿನಲ್ಲೇ ಉಳಿಯಿತು. ನನಗೆ ಬಿ.ಎಡ್. ಮುಗಿಸಬೇಕು, ಕರಿಹಲಗೆಯ ಮುಂದೆ ನಿಂತು ಪಾಠ ಹೇಳಬೇಕು. ಅಲ್ಲಿಯವರೆಗೂ ಯಾವ ಕನ್ನಡಕದವನೂ ಬೇಡ. ಅವರು ಯಾರು ಅಂತ ವಿಚಾರಿಸಿ ಬರಿ.

ನಿನ್ನ ಆಯೇಷಾ


ಮೊಳಕಾಲ್ಮೂರು
17 ನವೆಂಬರ್ 2024

ಆಯೇಷಾ,

ಉಪ್ಪಿನಕಾಯಿ ಎಣ್ಣೆ ಕಾಗದದ ಮೂಲೆಗೆ ಇಳಿದಿತ್ತು. ಮುಂದಿನ ಸಲ ಮೇಲಿನ ಬಟ್ಟಲಲ್ಲಿ ಇಡು.

ಮೊಳಕಾಲ್ಮೂರಿನಲ್ಲಿ ಬೆರಳಿಗೆ ಬಣ್ಣ ಹತ್ತಿದವನು ಯಾರು ಅಂತ ಕೇಳುವುದು, ನಿಮ್ಮ ಗ್ಯಾರೇಜಿನಲ್ಲಿ ಕೈಗೆ ಗ್ರೀಸು ಹತ್ತಿದವನು ಯಾರು ಅಂತ ಕೇಳಿದ ಹಾಗೆ. ಇಲ್ಲಿ ಸೀರೆಯ ರೇಷ್ಮೆಗೆ ಬಣ್ಣ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡಕದವರು ಇನ್ನೂ ಹೆಚ್ಚು. ನನ್ನ ಅತ್ತೆಯೂ ಹಾಕುತ್ತಾರೆ.

ಪಕ್ಕದ ಮನೆಯ ಸೂರಮ್ಮ ಯಾವ ಮಾತಿಗೂ ಒಂದು ತೆಲುಗು ಗಾದೆ ಒಗೆಯುತ್ತಾಳೆ. ನಿನಗೆ ಸರಿಹೊಂದುವುದು, "ಅನುಮಾನಂ ಪೆನುಭೂತಂ." ಅನುಮಾನ ದೊಡ್ಡ ದೆವ್ವವಂತೆ. ಬಿಡಿಸುವುದಕ್ಕೆ ತಾಯಿತವೂ ಇಲ್ಲ. ನೀನು ಓದಿಕೋ.

ಮಕ್ಕಳಿಬ್ಬರಿಗೂ ಕೆಮ್ಮು. ಅತ್ತೆಗೆ ಮಂಡಿ ನೋವು. ಫುಪ್ಪು ಹೇಗಿದ್ದಾಳೆ? ದರ್ಗಾಕ್ಕೆ ಹೋದ ದಿನ ಏನು ಉಟ್ಟಿದ್ದಳು?

ಫರ್ಜಾನಾ


ಚಳ್ಳಕೆರೆ
2 ಡಿಸೆಂಬರ್ 2024

ಆಪಾ,

ಕೇಳಿದ್ದಕ್ಕೆ ಉತ್ತರವಿಲ್ಲ, ಬದಲಿಗೆ ಫುಪ್ಪು ಏನು ಉಟ್ಟಿದ್ದಳು ಅಂತ ಪ್ರಶ್ನೆ. ನನ್ನನ್ನು ತೋರಿಸುವ ತಯಾರಿ ಸರಿಯಾಗಿತ್ತಾ ಅಂತ ತಾನೇ? ಹಾಗಾದರೆ ಕೇಳು. ಫುಪ್ಪು ಯಾವಾಗಲೂ ಉಡುವ ಬೂದು ಸೀರೆ ಬಿಟ್ಟು ಬಾದಾಮಿ ಬಣ್ಣದ್ದು ಉಟ್ಟಿದ್ದಳು. ಕಣ್ಣಿಗೆ ಸುರ್ಮಾ. ಕೈಗೆ ಹಸಿರು ಗಾಜಿನ ಬಳೆ, ನನಗೆ ಬುದ್ಧಿ ಬಂದಮೇಲೆ ಅವಳ ಕೈಯಲ್ಲಿ ಬಳೆ ನೋಡಿದ್ದು ಇದೇ ಮೊದಲು. ನನ್ನ ಮದುವೆ ಮಾಡಿಸುವ ಸಂಭ್ರಮ ಅವಳಿಗೇ ಹೆಚ್ಚು ಅಂತ ಕಾಣುತ್ತೆ. ಕನ್ನಡ ಶಾಲೆಗೆ ಸೇರಿಸಿದವಳೇ ಹೀಗೆ ಮಾಡಿದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ನಿನ್ನೆ ಎರಡನೇ ಸಲ. ಅಂಜಿನೇಯನ ಟೆಂಪೋ ಟ್ರಾವೆಲರ್ ರೆಡಿಯಾಗಿತ್ತು. ಬಿ.ಜಿ.ಕೆರೆ ಹತ್ತಿರ ರಸ್ತೆ ಪಕ್ಕದ ಹೋಟೆಲಿನ ಮುಂದೆ ಅಬ್ಬಾ "ಇಂಜಿನ್ ಬಿಸಿಯಾಗೈತೆ, ಆರಲಿ" ಅಂದರು. ಕ್ಲಚ್ ರಿಪೇರಿಗೆ ಬಂದ ಗಾಡಿಯ ಇಂಜಿನ್ ಯಾಕೆ ಬಿಸಿಯಾಗುತ್ತೆ? ಒಳಗೆ ಹೋದರೆ ಅದೇ ಮೂವರು ಕೂತಿದ್ದಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲರೂ ಒಬ್ಬರಿಗೊಬ್ಬರು ಅರೆ, ನೀವಾ ಅಂತ ಆಶ್ಚರ್ಯಪಟ್ಟರು. ಬಣ್ಣದವನ ಹೆಸರು ದಾದಾಪೀರ್ ಅಂತೆ, ಹೆಂಗಸು ಅವನ ಅಕ್ಕ ಹುಸೇನ್ ಬೀ, ಕನ್ನಡಕದವನು ಅವಳ ಮಗ. ನಮ್ಮ ಕುಷ್ಕಾ ಬಡಿಸಿದಾಗ ಮಾಡಿದವರು ಯಾರು ಅಂತ ಹುಸೇನ್ ಬೀ ಕೇಳಿದಳು. ಎಲ್ಲರೂ ಫುಪ್ಪುವನ್ನು ತೋರಿಸಿದರೆ ದಾದಿ ನಡುವೆ ಬಾಯಿ ಹಾಕಿ, "ಆಯೇಷಾನೂ ಕಲೀತಾವ್ಳೆ" ಅಂದಳು. ನಾನು ಕಲಿಯುತ್ತಿರುವುದು ಮಕ್ಕಳ ಮನಶ್ಶಾಸ್ತ್ರ. ಅದನ್ನು ಯಾರೂ ಹೇಳಲಿಲ್ಲ.

ಈಗ ಹೆಸರು ಸಿಕ್ಕಿದೆ. ದಾದಾಪೀರ್ ನಿಮ್ಮೂರಿನವನೇ. ಇನ್ನೂ ಗೊತ್ತಿಲ್ಲ ಅಂತೀಯಾ?

ಆಯೇಷಾ


ಮೊಳಕಾಲ್ಮೂರು
6 ಡಿಸೆಂಬರ್ 2024

ಆಯೇಷಾ,

ಯಾರೂ ನಿನ್ನನ್ನು ನೋಡಲು ಬಂದಿಲ್ಲ. ಆ ಹುಡುಗನಿಗೆ ಆಗಲೇ ಹೊಸಪೇಟೆಯಲ್ಲಿ ಮಾತಾಗಿದೆ. ಇದಕ್ಕಿಂತ ಹೆಚ್ಚು ಕೇಳಬೇಡ, ಒಬ್ಬರಿಗೆ ಮಾತು ಕೊಟ್ಟಿದ್ದೇನೆ. ಅಕ್ಕ ಅನ್ನುವ ನಂಬಿಕೆ ಇದ್ದರೆ ಸುಮ್ಮನಿರು.

ಫರ್ಜಾನಾ


ಚಳ್ಳಕೆರೆ
23 ಡಿಸೆಂಬರ್ 2024

ಆಪಾ,

ಸುಮ್ಮನಿರು ಅಂದೆ. ಒಬ್ಬರಿಗೆ ಮಾತು ಕೊಟ್ಟಿದ್ದೇನೆ ಅಂದೆ. ಮುಚ್ಚಿಡುವಂಥದ್ದು ಏನೂ ಇಲ್ಲದಿದ್ದರೆ ಮಾತು ಯಾಕೆ ಕೊಡಬೇಕಿತ್ತು? ನೀನೂ ಅವರ ಪಾರ್ಟಿ, ಹೊಸಪೇಟೆಯ ಮಾತೂ ಕಟ್ಟುಕತೆ ಅಂತ ಅವತ್ತೇ ಗೊತ್ತಾಯಿತು. ನಿನ್ನನ್ನು ಲಾರಿ ಹತ್ತಿಸಿ ಕಳಿಸಿದಾಗ ಅತ್ತವಳು ನಾನು, ಅದು ನಿನಗೆ ಮರೆತಿರಬಹುದು.

ಇರಲಿ. ನಿನ್ನೆ ಉಳ್ಳಾರ್ತಿ ಕಾವಲಿಗೆ ಹೋಗಿದ್ದೆವು. ಹುಲ್ಲೆಲ್ಲ ಒಣಗಿ ಹೊಂಬಣ್ಣಕ್ಕೆ ತಿರುಗಿದೆ. ಅವರು ಮೊದಲೇ ಬಂದು ಜಾಲಿಮರದ ನೆರಳಲ್ಲಿ ಕೂತಿದ್ದರು. ಈ ಸಲ ಯಾರೂ ಆಶ್ಚರ್ಯದ ನಾಟಕವನ್ನೂ ಆಡಲಿಲ್ಲ. ಗಂಡಸರು ಒಂದು ಕಡೆ, ನಾವು ಒಂದು ಕಡೆ. ಫುಪ್ಪು ತಲೆ ತಗ್ಗಿಸಿಕೊಂಡೇ ಇದ್ದಳು. ದಾದಾಪೀರ್ ಒಂದು ಸಲ ಎದ್ದು ಬಂದು ನೀರಿನ ಕ್ಯಾನು ನಮ್ಮ ಕಡೆ ಇಟ್ಟು ಹೋದರು. ನಮ್ಮ ಮನೆಯ ಗಂಡಸರು ಯಾರೂ ಆ ಕೆಲಸ ಮಾಡಿದ್ದು ನಾನು ನೋಡಿಲ್ಲ. ಹುಡುಗನ ಸೋದರಮಾವ ಇಷ್ಟು ಒಳ್ಳೆಯತನ ತೋರಿಸುತ್ತಿದ್ದಾರೆ ಅಂದರೆ ಮಾತು ಮುಗಿಯುವ ಹಂತಕ್ಕೆ ಬಂದಿದೆ ಅಂತ ನನಗೆ ಖಾತ್ರಿಯಾಯಿತು.

ಹುಸೇನ್ ಬೀ ನನ್ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು ಮನೆಯ ಹೆಂಗಸರ ಆರೋಗ್ಯ ವಿಚಾರಿಸಿದಳು. ನಾನು ಒಂದು ಸಣ್ಣ ಮಾತು ಹೇಳಿದೆ. ಏನು ಅಂತ ಬರೆಯುವುದಿಲ್ಲ. ಅವಳ ಮುಖದ ಬಣ್ಣ ತಮ್ಮನ ಬೆರಳಿಗಿಂತ ಗಾಢವಾಯಿತು. ಉಂಡ ಕೂಡಲೇ ಹೊರಟುಹೋದರು.

ಇನ್ನು ಅವರು ಬರುವುದಿಲ್ಲ. ನಾನು ನೆಮ್ಮದಿಯಾಗಿ ಪರೀಕ್ಷೆಗೆ ಓದುತ್ತೇನೆ.

ಆಯೇಷಾ


ಚಳ್ಳಕೆರೆ
9 ಜನವರಿ 2025

ಆಪಾ,

ನಿನ್ನ ಡಬ್ಬಿ ಬಂದು ಬಹಳ ದಿನವಾಯಿತು. ಓಬಳೇಶಣ್ಣನನ್ನು ಕೇಳಿದರೆ, "ಅಕ್ಕಾರು ಏನೂ ಕೊಟ್ಟಿಲ್ಲಮ್ಮ, ಮುಖಾನೂ ತೋರಿಸ್ಲಿಲ್ಲ" ಅಂದ. ಸಿಟ್ಟಾ?

ಇಲ್ಲೂ ಎಲ್ಲರೂ ಹೀಗೇ ಇದ್ದಾರೆ. ಒಂದು ಟ್ರ್ಯಾಕ್ಟರು, ಒಂದು ಬಸ್ಸು ರಿಪೇರಿಯಾಗಿ ಹೋದವು, ಅಬ್ಬಾ ಟ್ರಯಲ್ ಅನ್ನಲೇ ಇಲ್ಲ. ದಾದಿ ಒಂದೊಂದು ಸೊಸೆಯನ್ನೂ ಕರೆದು ನೀನೇನಾದ್ರೂ ಬಾಯಿ ಬಿಟ್ಯಾ ಅಂತ ಕೇಳುತ್ತಿದ್ದಾಳೆ. ದೊಡ್ಡ ಭಾಭಿಗೆ ಚಿಕ್ಕ ಭಾಭಿಯ ಮೇಲೆ ಅನುಮಾನ, ಚಿಕ್ಕ ಭಾಭಿಗೆ ಚಾಚಿಯ ಮೇಲೆ. ಒಬ್ಬರಿಗೊಬ್ಬರು ಮಾತು ಬಿಟ್ಟು ಒಂದೇ ಸಾರನ್ನು ಮೂರು ಒಲೆಯಲ್ಲಿ ಮಾಡುತ್ತಿದ್ದಾರೆ. ನನ್ನನ್ನು ಮಾತ್ರ ಯಾರೂ ಕೇಳಿಲ್ಲ.

ಫುಪ್ಪು ಬಳೆ ಬಿಚ್ಚಿಟ್ಟಿದ್ದಾಳೆ, ಮತ್ತೆ ಬೂದು ಸೀರೆ. ನನ್ನ ಮದುವೆ ತಪ್ಪಿತು ಅಂತ ಇಷ್ಟು ಮುನಿಸಾ? ಆದರೂ ನನ್ನ ಪುಸ್ತಕದ ಪಕ್ಕ ಹುರಿದ ಕಡಲೆಕಾಯಿ ಇಟ್ಟು ಹೋಗುವುದು ಬಿಟ್ಟಿಲ್ಲ. ಯಾಕೋ ಅದನ್ನು ಮುಬಷೀರ್‌ಗೆ ಕೊಟ್ಟುಬಿಡುತ್ತೇನೆ. ಬರಿ.

ಆಯೇಷಾ


ಮೊಳಕಾಲ್ಮೂರು
20 ಜನವರಿ 2025

ಆಯೇಷಾ,

ಬರೆಯಬಾರದು ಅಂತಲೇ ಇದ್ದೆ. ಸಿಟ್ಟು ಇಳಿಯಲಿ ಅಂತ ಕಾದೆ, ಇಳಿಯಲಿಲ್ಲ.

ಹೋದ ತಿಂಗಳ ಕೊನೆಗೆ ಹುಸೇನ್ ಬೀ ನಮ್ಮ ಮನೆಗೆ ಬಂದಿದ್ದಳು. ನನ್ನ ಅತ್ತೆಯ ಮುಂದೆ ಕೂತು, ನಿಮ್ಮ ಬೀಗರ ಮನೆಯ ಹೆಣ್ಣುಮಕ್ಕಳಿಗೆಲ್ಲ ಫಿಟ್ಸ್ ಬರುತ್ತಂತೆ, ಅದು ಅವರ ಫುಪ್ಪುವಿನಿಂದ ಬಂದಿದ್ದಂತೆ, ನಿಮ್ಮ ಸೊಸೆಗೂ ಇದೆಯಾ ಅಂತ ಕೇಳಿದಳು. ನಾನು ಚಹಾದ ತಟ್ಟೆ ಹಿಡಿದು ನಿಂತಿದ್ದೆ. ಯಾರು ಹೇಳಿದರು ಅಂದೆ. "ನಿಮ್ಮ ಹುಡುಗೀನೇ ಹೇಳಿದ್ಲಮ್ಮ, ಆ ಓದೋ ಹುಡುಗಿ" ಅಂದಳು.

ಅವರು ನೋಡಲು ಬಂದದ್ದು ನಿನ್ನನ್ನಲ್ಲ. ಫುಪ್ಪುವನ್ನು.

ದಾದಾಪೀರ್ ಅವರ ಹೆಂಡತಿ ತೀರಿಕೊಂಡು ಆರು ವರ್ಷವಾಯಿತು. ನಮ್ಮ ಬೀದಿಯ ತಿರುವಿನಲ್ಲೇ ಮನೆ. ಒಳ್ಳೆಯ ಮನುಷ್ಯ ಅಂತ ಕಂಡು ಅಬ್ಬಾಗೆ ಹೇಳಿದವಳು ನಾನೇ. ಫುಪ್ಪು ಮೊದಲು ಒಪ್ಪಲಿಲ್ಲ. ಕೊನೆಗೆ, ಮನೆಯ ಮಕ್ಕಳಿಗೆ ಗೊತ್ತಾಗದ ಹಾಗೆ ಒಂದೆರಡು ಸಲ ನೋಡಿ ಹೇಳುತ್ತೇನೆ ಅಂದಳು. "ಆಗ್ದಿದ್ರೆ ಈ ವಯಸ್ನಾಗೆ ಆಯೇಷಾನ ಮುಂದೆ ಹೆಂಗೆ ಮುಖ ಎತ್ಲಿ" ಅಂದಳು. ನಾನು ಮಾತು ಕೊಟ್ಟದ್ದು ಅವಳಿಗೆ.

ಆ ಬಳೆ ಅವಳು ತೊಟ್ಟಿದ್ದು ತನಗಾಗಿ, ಆಯೇಷಾ. ಇಪ್ಪತ್ತು ವರ್ಷದ ಮೇಲೆ.

ಈಗ ನನ್ನ ಅತ್ತೆ ನನ್ನ ದಿಂಬಿನ ಕೆಳಗೆ ಕಬ್ಬಿಣದ ಬೀಗದಕೈ ಇಟ್ಟಿದ್ದಾರೆ. ನಾನು ಸ್ವಲ್ಪ ಆಕಳಿಸಿದರೂ ಓಡಿಬಂದು ಅದನ್ನು ಅಂಗೈಗೆ ತುರುಕುತ್ತಾರೆ. ಅದು ನನ್ನ ಕರ್ಮ, ಹೇಗೋ ತಡೆಯುತ್ತೇನೆ. ಫುಪ್ಪುವಿಗೆ ಏನು ಹೇಳುತ್ತೀಯೋ ನೀನೇ ಯೋಚಿಸು.

ಫರ್ಜಾನಾ


ಚಳ್ಳಕೆರೆ
22 ಜನವರಿ 2025

ಆಪಾ,

ನಿನ್ನ ಕಾಗದವನ್ನು ಕಾಲೇಜಿನ ಮೆಟ್ಟಿಲ ಮೇಲೆ ಓದಿದೆ. ಕ್ಲಾಸಿಗೆ ಹೋಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಪ್ರೈಮರಿಯಲ್ಲಿ ಬಾಯಿಪಾಠ ಮಾಡಿಸಿದ್ದರು. ನಾನು ಬರೀ ಬಾಯಿಪಾಠ ಮಾಡಿದೆ.

ಫುಪ್ಪುವಿನಿಂದ ಬಂದದ್ದು ಅಂತ ಯಾಕೆ ಹೇಳಿದೆನೋ ಗೊತ್ತಿಲ್ಲ. ನನ್ನೊಬ್ಬಳಿಗೇ ಅಂದರೆ ಔಷಧಿ ಕೊಡಿಸುತ್ತೇವೆ ಅಂದುಬಿಟ್ಟಾರು, ವಂಶದ್ದೇ ಅಂದರೆ ಗಟ್ಟಿಯಾಗುತ್ತೆ ಅನ್ನಿಸಿತು. ಬಾಯಿಗೆ ಬಂದ ಮೊದಲ ಹೆಸರು ಅವಳದು. ಏನು ಬೇಕಾದರೂ ಮೊದಲು ಅವಳ ಹತ್ತಿರವೇ ಓಡಿ ಅಭ್ಯಾಸ.

ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ನೀನು ಹೋಗಿ ಸುಳ್ಳು ಅಂತ ಹೇಳಿಬಿಡು. ನಾನೇ ಬಂದು ಅವರ ಕಾಲು ಹಿಡಿಯಬೇಕಾದರೂ ಸರಿ.

ಆಯೇಷಾ


ಮೊಳಕಾಲ್ಮೂರು
30 ಜನವರಿ 2025

ಆಯೇಷಾ,

ನಾನು ಹೇಳಿದರೆ ನಂಬುತ್ತಾರಾ? ನಿನ್ನೆ ಮಾತಿನ ಮಧ್ಯೆ ಹುಸೇನ್ ಬೀಗೆ, ಹುಡುಗಿ ತಮಾಷೆಗೆ ಅಂದಿರಬಹುದು ಅಂದೆ. "ಕಾಯಿಲೆ ಇರೋರ ಮನೆಯೋರು ಎಲ್ರೂ ಹಂಗೇ ಅಂತಾರೆ" ಅಂದಳು. ಈಗ ಫಿಟ್ಸ್ ಜೊತೆಗೆ ಮುಚ್ಚಿಡುವ ಬುದ್ಧಿಯೂ ನಮ್ಮ ಲೆಕ್ಕಕ್ಕೆ ಸೇರಿತು. ದಾದಾಪೀರ್ ಅವರಿಗೇ ನೇರವಾಗಿ ಹೇಳೋಣ ಅಂದರೆ ಅವರು ಬೀದಿಯಲ್ಲಿ ನನ್ನನ್ನು ಕಂಡು ತಲೆ ತಗ್ಗಿಸಿ ಹೋಗುತ್ತಾರೆ.

ಮೊದಲು ಫುಪ್ಪುವಿಗೆ ಹೇಳು. ಅವಳಿಂದ ಮುಚ್ಚಿಟ್ಟು ಅವಳ ಸಂಬಂಧ ಸರಿಮಾಡಲು ಹೊರಟದ್ದೇ ನಮ್ಮಿಬ್ಬರ ತಪ್ಪು.

ಫರ್ಜಾನಾ


ಚಳ್ಳಕೆರೆ
4 ಫೆಬ್ರವರಿ 2025

ಆಪಾ,

ಹೇಳಿದೆ. ಹಿತ್ತಲಲ್ಲಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಎದುರಿಗೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ.

ಮುಗಿದ ಮೇಲೆ, ನೀನು ಯಾವ ಥರದ ಫಿಟ್ಸು ಅಂತ ಹೇಳಿದೆ, ಕೈಕಾಲು ಸೆಟೆದುಕೊಳ್ಳುವುದಾ, ಬಾಯಲ್ಲಿ ನೊರೆ ಬರುವುದಾ ಅಂತ ಕೇಳಿದಳು. ಎರಡೂ ಅಂದೆ. "ಪೂರ್ತಿ ಮಾಡೀಯ ಬಿಡು" ಅಂದಳು. ನಾನು ಅಳಲು ಶುರುಮಾಡಿದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿ, ನಿನ್ನ ಓದು ನಿಲ್ಲಿಸುವುದಕ್ಕೆ ನಾನು ಬಿಡುತ್ತೇನೆ ಅಂತ ಹೇಗೆ ಅಂದುಕೊಂಡೆ ಅಂತ ಕೇಳಿದಳು. ಬೈದಿದ್ದರೆ ಚೆನ್ನಾಗಿತ್ತು.

ಫರ್ಜಾನಾ ಆಪಾ ಈಗಲೇ ಹೋಗಿ ಸುಳ್ಳು ಅಂತ ದಾದಾಪೀರ್ ಅವರಿಗೆ ಹೇಳುತ್ತಾಳೆ ಅಂದೆ. ಆಗ ಅವಳ ಕೈ ನಿಂತಿತು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಯಾರೂ ಏನೂ ಹೇಳ್ಬ್ಯಾಡ್ರಿ. ಆವತ್ತು ಅವ್ರು ಸತ್ತಾಗ ಗಂಡನ ಮನೆಯೋರು ನನ್ನ ಒಬ್ಬಳ್ನೇ ಬಸ್ ಸ್ಟ್ಯಾಂಡಿಗೆ ಬಿಟ್ಟು ತವರಿಗೆ ಕಳಿಸಿದ್ರು. ಇನ್ನೊಂದು ಸಲ ಹಂಗೆ ಕಳಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ನಿಮ್ಮಬ್ಬ ಲೋಡ್ ಹಾಕ್ದೆ ಗಾಡಿ ಬಿಟ್ಟುಕೊಡ್ತಾನಾ? ಈ ಗಾಡಿಗೂ ಲೋಡ್ ಬಿದ್ದೈತೆ. ಏರು ಹತ್ತುತ್ತೋ ಇಲ್ವೋ ನೋಡಾನ."

ಅಂದರೆ, ಫಿಟ್ಸ್ ಇದೆ ಅಂತ ತಿಳಿದುಕೊಂಡೇ ಆತ ಏನು ಮಾಡುತ್ತಾರೆ ಅಂತ ನೋಡುತ್ತಾಳಂತೆ. ಅಲ್ಲಾಹ್‌ನ ಮೇಲೆ ಆಣೆ ಹಾಕಿಸಿಕೊಂಡಿದ್ದಾಳೆ, ನಿನ್ನ ಪರವಾಗಿಯೂ ನಾನೇ ಹಾಕಿದ್ದೇನೆ. ಅಷ್ಟು ದಿನ ನೀನು ಬೀಗದಕೈ ತಡೆದುಕೊಳ್ಳಬೇಕು.

ಆಯೇಷಾ


ಮೊಳಕಾಲ್ಮೂರು
19 ಫೆಬ್ರವರಿ 2025

ಆಯೇಷಾ,

ನನ್ನ ಪರವಾಗಿ ಆಣೆ ಹಾಕುವ ಅಧಿಕಾರ ನಿನಗೆ ಯಾರು ಕೊಟ್ಟರು ಅಂತ ಆಮೇಲೆ ಕೇಳುತ್ತೇನೆ. ಈಗ ಮುಖ್ಯ ವಿಷಯ, ಅದೂ ಒಳ್ಳೆಯದಲ್ಲ.

ದಾದಾಪೀರ್ ಮನೆಯ ಮುಂದೆ ಇಟ್ಟಿಗೆ, ಮರಳು ಬಂದು ಬಿದ್ದಿದೆ. ಗಾರೆಯವರು ಬೆಳಿಗ್ಗೆ ಬಂದು ಹಿತ್ತಲ ಕಡೆ ಹೋಗುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಅಕ್ಕ ತಮ್ಮ ಮಾತು ಬಿಟ್ಟಿದ್ದಾರೆ. ಹುಸೇನ್ ಬೀ ಮಗನ ಜೊತೆ ತನ್ನ ಮನೆಗೆ ಹೊರಟುಹೋಗಿದ್ದಾಳೆ. ಮನೆ ಭಾಗವಾಗುತ್ತಿದೆ ಅಂತ ಸೂರಮ್ಮ ಅಂದಳು. ನನ್ನ ಅತ್ತೆಗೆ ಬೇರೆಯೇ ಸುದ್ದಿ ಸಿಕ್ಕಿದೆ, ರಾಯದುರ್ಗದ ಕಡೆ ಹೆಣ್ಣು ಗೊತ್ತಾಗಿದೆ, ಈದ್ ಆದ ಮೇಲೆ ನಿಕಾಹ್, ಅದಕ್ಕೇ ಮನೆ ರಿಪೇರಿ ಅಂತ.

ಶಬೆ ಬರಾತ್ ಹಬ್ಬದ ದಿನ ಅವರ ಮನೆಯಿಂದ ಹಲ್ವಾದ ತಟ್ಟೆ ಬಂತು. ಎಲ್ಲರ ಮನೆಗೂ ಕಳಿಸುವ ಹಾಗೆ ನಮ್ಮ ಮನೆಗೂ. ಕೊಟ್ಟುಹೋದವರು ದಾದಾಪೀರ್ ಅವರೇ. ಏನೋ ಹೇಳಲು ಬಾಯಿ ತೆರೆದರು, ನನ್ನ ಅತ್ತೆ ಬಂದ ಕೂಡಲೇ ಹೊರಟರು. ತಪ್ಪು ಮಾಡಿದವರ ಮುಖದ ಹಾಗೇ ಇತ್ತು.

ಫುಪ್ಪುವಿಗೆ ಮೆತ್ತಗೆ ಹೇಳು.

ಫರ್ಜಾನಾ


ಚಳ್ಳಕೆರೆ
23 ಫೆಬ್ರವರಿ 2025

ಆಪಾ,

ಹೇಳಿದೆ. ಅಕ್ಕಿ ಆರಿಸುತ್ತಿದ್ದಳು. "ಕಟ್ಟಲಿ ಬಿಡು, ಅವ್ರ ಮನೆ" ಅಂದಳು. ಒಂದು ಕಲ್ಲು ಆರಿಸಿ ಎಸೆದು, ಟ್ರಯಲ್ ಅಂದಮೇಲೆ ಕೆಲವು ಗಾಡಿ ಏರಿನಲ್ಲಿ ನಿಲ್ಲುವುದೇ ಅಂದಳು.

ಇವತ್ತು ಬಹಳ ದಿನದ ಮೇಲೆ ಅಬ್ಬಾ ಒಂದು ಬಸ್ಸು ಹೊರಡಿಸಿದರು, ಫುಪ್ಪು ಒಬ್ಬಳು ಬರಲಿಲ್ಲ. ಅವಳು ತಪ್ಪಿಸಿಕೊಂಡ ಟ್ರಯಲ್ ನನಗೆ ನೆನಪಿಲ್ಲ. ಕುದಾಪುರದ ಗೋಡೆಯ ಪಕ್ಕ ಹೋಗುವಾಗ ದಾದಿ ಕೂಡ ಯಾರಿಗೋಸ್ಕರ ಅಂತ ಕೇಳಲಿಲ್ಲ. ಅವಳ ಪಕ್ಕದ ಸೀಟು ಖಾಲಿ ಇತ್ತು.

ಆ ತಟ್ಟೆ ವಾಪಸು ಕೊಟ್ಟೆಯಾ? ಖಾಲಿ ತಟ್ಟೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ. ಏನಾದರೂ ಹಾಕಿ ನೀನೇ ತೆಗೆದುಕೊಂಡು ಹೋಗು. ಬಾಗಿಲು ಹಾಕಿದ್ದರೂ ತಟ್ಟೆಗೆ ತೆರೆಯಲೇಬೇಕು. ನನಗಾಗಿ ಒಂದೇ ಸಲ ಕಣ್ಣಾರೆ ನೋಡಿ ಹೇಳು, ಆಮೇಲೆ ನಾನು ಯಾವತ್ತೂ ಊಹೆ ಮಾಡುವುದಿಲ್ಲ.

ಆಯೇಷಾ


ಮೊಳಕಾಲ್ಮೂರು
27 ಫೆಬ್ರವರಿ 2025

ಆಯೇಷಾ,

ಖರ್ಜೂರ ಹಾಕಿ ತಟ್ಟೆ ತೆಗೆದುಕೊಂಡು ಹೋದೆ. ಸೂರಮ್ಮನನ್ನೂ ಜೊತೆಗೆ ಕರೆದೆ. ಬಾಗಿಲು ದಾದಾಪೀರ್ ಅವರೇ ತೆಗೆದರು, ಕೈ ಬಣ್ಣದ ಮೇಲೆ ಸಿಮೆಂಟು. ಒಳಗೆ ಬನ್ನಿ ಅಂದರು.

ಮನೆ ಭಾಗವಾಗಿಲ್ಲ. ರಾಯದುರ್ಗದ ಹೆಣ್ಣಿಗೆ ಅಂತ ಕೋಣೆಯೂ ಕಟ್ಟಿಲ್ಲ. ಹಿತ್ತಲಲ್ಲಿ ಬಣ್ಣ ಕುದಿಸುವ ಹಂಡೆಗಳ ಸಾಲು ಇದೆ, ಒಲೆಗಳು ನೆಲದ ಮಟ್ಟಕ್ಕೇ ಇರುತ್ತವೆ. ಆ ಹಂಡೆಗಳ ಸುತ್ತ ಗೋಡೆ ಕಟ್ಟಿಸಿದ್ದಾರೆ. ಮೂಲೆಗಳನ್ನು ಗಾರೆಯಲ್ಲಿ ದುಂಡಗೆ ಮಾಡಿಸಿದ್ದಾರೆ. ಒಳಗೆ ಹೋಗಲು ಒಂದು ಕಬ್ಬಿಣದ ಗೇಟು, ಅದರ ಚಿಲಕ ಒಳಗೆ, ಅವರು ಕೆಲಸ ಮಾಡುವ ಕಡೆಗೆ.

ಇದೇನು ಅಂತ ಸೂರಮ್ಮ ಕೇಳಿದಳು. ಆತ ನೆಲ ನೋಡುತ್ತಾ, "ಬಣ್ಣ ಕುದೀತಿರ್ತೈತಮ್ಮ. ಫಿಟ್ಸ್ ಅನ್ನೋದು ಹೇಳಿ ಕೇಳಿ ಬರಲ್ಲ. ನಾನು ನೂಲು ಒಣಗಾಕೋಕೆ ಹೋದಾಗ ಅವ್ರು ಈ ಕಡೆ ಬಂದು ಬಿದ್ರೆ ಏನ್ ಗತಿ? ಗಾರೆ ಒಣಗ್ಲಿ, ಆಮೇಲೆ ನಿಮ್ಮ ಅಬ್ಬಾ ನೂರ್ ಮೇಸ್ತ್ರಿನ ಹೋಗಿ ಕೇಳಾನ ಅಂತಿದ್ದೆ" ಅಂದರು. ಬೇಡ ಅಂದ ಅಕ್ಕನ ಜೊತೆ ಮಾತು ಬಿಟ್ಟದ್ದು ಇದಕ್ಕೇ. ನಮಗೆ ಮೊದಲೇ ಹೇಳಬಹುದಿತ್ತಲ್ಲ ಅಂದೆ. ಹಂಡೆಗಳನ್ನು ಹಾಗೇ ತೆರೆದಿಟ್ಟುಕೊಂಡು ಯಾವ ಮುಖದಲ್ಲಿ ಹೆಣ್ಣು ಕೇಳುವುದು ಅಂದರು.

ಆಮೇಲೆ, ನಿಮ್ಮ ಫುಪ್ಪು ಕೂತಿದ್ದು ಮಾತ್ರ ನೋಡಿದ್ದೇನೆ, ನಿಮಗಿಂತ ಎತ್ತರವಾ ಅಂತ ಕೇಳಿದರು. ಒಂಚೂರು ಎತ್ತರ ಅಂದೆ. ನನ್ನನ್ನು ಆ ಗೋಡೆಗೆ ಒರಗಿಸಿ ನಿಲ್ಲಿಸಿ ನೋಡಿದರು. ನನ್ನ ಸೊಂಟಕ್ಕಿಂತ ಮೇಲೆ ಬಂತು. ಆದರೂ ಇನ್ನೊಂದು ವರಸೆ ಇಟ್ಟಿಗೆ ಇಡಿಸುತ್ತೇನೆ ಅಂದರು.

ಆಣೆ ಹಾಕಿದ್ದೆಯಲ್ಲ, ನಾನು ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಬೀದಿಯಲ್ಲೇ ಅತ್ತುಬಿಟ್ಟೆ. ಯಾವ ಮಾತಿಗೂ ಗಾದೆ ಒಗೆಯುವ ಸೂರಮ್ಮ ತನ್ನ ಸೆರಗನ್ನು ನನ್ನ ಕೈಗೆ ಕೊಟ್ಟಳು.

ಫರ್ಜಾನಾ


ಚಳ್ಳಕೆರೆ
1 ಮಾರ್ಚ್ 2025

ಆಪಾ,

ಈಗಷ್ಟೇ ಚಂದ್ರ ಕಂಡಿತು, ನಾಳೆಯಿಂದ ರಂಜಾನಿನ ರೋಜಾ. ನನ್ನನ್ನೂ ಫುಪ್ಪುವನ್ನೂ ಬಿಟ್ಟು ಮನೆಯವರೆಲ್ಲ ಮಾಳಿಗೆಯ ಮೇಲಿದ್ದಾರೆ. ಡಬ್ಬಿ ಬೆಳಿಗ್ಗೆಯ ಬಸ್ಸಿಗೆ ಕೊಡುತ್ತೇನೆ.

ನಿನ್ನ ಕಾಗದವನ್ನು ಫುಪ್ಪುವಿಗೆ ಉರ್ದುವಿಗೆ ತಿರುಗಿಸುತ್ತಾ ಓದಿದೆ. ಗೋಡೆಯ ಜಾಗಕ್ಕೆ ಬಂದಾಗ ಫುಪ್ಪು ನನ್ನ ಕೈ ಹಿಡಿದಳು. ಅವಳು ಇನ್ನೊಂದು ಸಲ ಓದು ಅಂದಳು. ಓದಿದೆ. ಮೂಲೆ ದುಂಡಗೆ ಮಾಡಿಸಿದ್ದಾರೆ ಅನ್ನುವುದನ್ನು ಮತ್ತೊಂದು ಸಲ ಓದಿಸಿದಳು. ಆಮೇಲೆ ಎದ್ದು ಅಡುಗೆಮನೆಯ ಗೋಡೆಗೆ ಒರಗಿ ನಿಂತು, ಸೊಂಟದ ಹತ್ತಿರ ಅಂಗೈ ಇಟ್ಟು ತೋರಿಸಿ, "ಇಷ್ಟಾ?" ಅಂದಳು. ಅದಕ್ಕಿಂತ ಒಂದು ಇಟ್ಟಿಗೆ ಮೇಲೆ ಅಂದೆ. ಕೈಯನ್ನು ಅಲ್ಲಿಗೆ ಸರಿಸಿದಳು.

ಅಬ್ಬಾಗೆ ಅವಳೇ ಹೋಗಿ ಹೇಳಿದಳು. ನನ್ನ ಹೆಸರು ಬಂದಾಗ ಅಬ್ಬಾ ನನ್ನ ಕಡೆ ನೋಡಿದರು, ನಾನು ಅಲ್ಲೇ ಭೂಮಿಗೆ ಇಳಿದುಹೋಗುವ ಹಾಗಾಯಿತು. ಫುಪ್ಪು ನಡುವೆ ಬಂದು ನಿಂತಳು. ನಿಕಾಹ್ ಈದ್ ಆದ ಮೇಲೆ, ನನ್ನ ಪರೀಕ್ಷೆಯೂ ಮುಗಿದ ಮೇಲೆ ಅಂತ ಅವಳೇ ತೀರ್ಮಾನ ಮಾಡಿದ್ದಾಳೆ. ನಿನ್ನ ಹಾಲ್ ಟಿಕೆಟ್ ಹುಡುಕಲು ಟ್ರಂಕನ್ನೂ ಇಳಿಸಿದ್ದಾಳೆ. ಅದು ಈಗ ನಡೆಯುವುದಿಲ್ಲ ಅಂದರೆ ಹೊಸದಕ್ಕೆ ಅರ್ಜಿ ಹಾಕಲಿ ಅನ್ನುತ್ತಾಳೆ.

ದಿಂಬಿನ ಕೆಳಗಿನ ಬೀಗದಕೈಯನ್ನು ನಿನ್ನ ಅತ್ತೆಗೆ ವಾಪಸು ಕೊಡು. ನಾನು ಈದ್‌ಗೆ ಬಂದು ಅವರಿಂದಲೂ ಹುಸೇನ್ ಬೀಯಿಂದಲೂ ಬೈಸಿಕೊಳ್ಳುತ್ತೇನೆ.

ದಾದಾಪೀರ್ ಅವರಿಗೆ ಹೇಳಬೇಕಾದ್ದನ್ನು ಫುಪ್ಪು ನನ್ನ ಪಕ್ಕ ಕೂತು ಹೇಳುತ್ತಿದ್ದಾಳೆ, ಕೈಯಲ್ಲಿ ಹಸಿರು ಬಳೆ ಇದೆ. ಅವಳ ಮಾತನ್ನು ಹಾಗೇ ಬರೆಯುತ್ತಿದ್ದೇನೆ.

"ನಂಗೆ ಫಿಟ್ಸ್ ಇಲ್ಲ ಅಂತ ಈಗ ಹೇಳು. ಹುಡುಗಿ ಹೆದರಿ ಅಂದಿದ್ದು, ಮನಸ್ಸಿಗೆ ಹಚ್ಕೋಬ್ಯಾಡ್ರಿ ಅನ್ನು. ಗೋಡೆ ಮಾತ್ರ ಕೆಡವ್ಬ್ಯಾಡ್ರಿ ಅನ್ನು. ನಾನು ಬಂದು ನೋಡ್ಬೇಕು."

ಆಯೇಷಾ